ಕಸವೆಂದು ತೆಗೆದ ಮೋಡ

ರೇಡಿಯೊ ಖಗೋಳದ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗೊಮ್ಮೆ ಈಗೊಮ್ಮೆ ಬೆಳಗಾವಿಯ ನಮ್ಮ ಮನೆಗೆ ಬರುತ್ತಾರೆ. ಚಹಾದ ಕಪ್ಪು ಕೆಳಗಿಡುವ ಮೊದಲೇ ‘ಸರ್, ನೀವು ಏನೇನು ಕಂಡುಹಿಡಿದಿರಿ?’ ಎಂದು ಕೇಳುತ್ತಾರೆ. ಏನೂ ಇಲ್ಲ ಎನ್ನುತ್ತೇನೆ. ಅವರು ಅದನ್ನು ವಿನಯ ಎಂದುಕೊಳ್ಳುತ್ತಾರೆ. ವಿನಯವೂ ಅಲ್ಲ, ಮಣ್ಣೂ ಅಲ್ಲ. ಮೂವತ್ತು ವರ್ಷ ನಾನು ಮಾಡಿದ್ದು ಕಸ ತೆಗೆಯುವ ಕೆಲಸ. ಆಕಾಶದಿಂದ ಬರುವ ದನಿಯಲ್ಲಿ ನೆಲದ ಗದ್ದಲ ಬೆರೆತಿರುತ್ತದೆ. ಗದ್ದಲವನ್ನು ಆರಿಸಿ ಎಸೆದು, ಉಳಿದದ್ದನ್ನು ವಿಜ್ಞಾನಿಗಳ ಮೇಜಿಗೆ ಕಳಿಸಬೇಕು. ಅಕ್ಕಿಯಲ್ಲಿ ಹರಳು ಆರಿಸಿದ ಹಾಗೆ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ.

ಬಡ್ತಿ, ಮಾನಪತ್ರ, ಬೀಳ್ಕೊಡುಗೆಯ ಶಾಲು ಇವನ್ನೆಲ್ಲ ಬಿಟ್ಟು ಈ ಕೆಲಸ ನಿಜಕ್ಕೂ ಹೇಗಿತ್ತು ಎಂಬುದನ್ನಷ್ಟೇ ಬರೆಯುತ್ತೇನೆ. ಇದರಲ್ಲಿ ನಾನು ಮಾಡಿದ ಒಂದು ತಪ್ಪು ಇದೆ. ಅದರಿಂದ ಒಬ್ಬಳ ಐದು ವರ್ಷ ಹಾಳಾಯಿತು. ಅದನ್ನು ಮುಚ್ಚಿಟ್ಟು ಉಳಿದದ್ದನ್ನು ಹೇಳಿದರೆ ಹೊಸಬರಿಗೆ ಮೂರು ಕಾಸಿನ ಉಪಯೋಗವಿಲ್ಲ.

ನಮ್ಮ ಕೇಂದ್ರಕ್ಕೆ ಎರಡು ಜಾಗಗಳಿದ್ದವು. ಲೆಕ್ಕಾಚಾರದ ಕಚೇರಿ ಬೆಳಗಾವಿಯ ಕ್ಯಾಂಪಿನಲ್ಲಿ, ಹೆಂಚಿನ ಮಾಡಿನ ಒಂದು ಹಳೆಯ ಬಂಗಲೆಯಲ್ಲಿತ್ತು. ಆಕಾಶಕ್ಕೆ ಮುಖಮಾಡಿದ ದೊಡ್ಡ ಡಿಶ್ ಖಾನಾಪುರದ ಆಚೆ, ಗುಡ್ಡಗಳ ನಡುವಿನ ತಗ್ಗಿನಲ್ಲಿತ್ತು. ಊರಿನ ರೇಡಿಯೊ ಗದ್ದಲವನ್ನು ಗುಡ್ಡಗಳು ತಡೆಯುತ್ತವೆ ಎಂದು ಆ ಜಾಗ ಆರಿಸಿದ್ದರು. ಖಾನಾಪುರದ ಕಡೆಯ ಜನ ಅದನ್ನು ‘ದೊಡ್ಡ ಛತ್ರಿ’ ಎನ್ನುತ್ತಿದ್ದರು. ನಾವು ನಕ್ಷತ್ರ ನೋಡುವವರು ಎಂದು ಹೆಸರಾಗಿತ್ತು. ಖಾನಾಪುರದ ಬಸ್ಸಿನಲ್ಲಿ ಬಾಜೂಕೆ ಕುಳಿತವರು ಮಗಳ ಜಾತಕ ತೆಗೆದು ನನ್ನ ತೊಡೆಯ ಮೇಲೆ ಇಟ್ಟದ್ದುಂಟು. ‘ನಾವು ಹಗಲಿನ್ಯಾಗೂ ಕೆಲಸ ಮಾಡ್ತೀವ್ರಿ, ನಕ್ಷತ್ರ ನೋಡೂದಿಲ್ಲ’ ಎಂದರೆ, ‘ಹಂಗಾರ ದಿನಾ ಏನ್ ನೋಡ್ತೀರ್ರಿ?’ ಎಂದು ನನ್ನ ಮುಖವನ್ನೇ ನೋಡುತ್ತಿದ್ದರು.

ನಾವು ಕೇಳಿಸಿಕೊಳ್ಳುತ್ತಿದ್ದುದು ಜಲಜನಕದ ದನಿಯನ್ನು. ವಿಶ್ವದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವ ಅನಿಲ ಅದು. ತಣ್ಣಗಿನ ಜಲಜನಕ ತನ್ನಷ್ಟಕ್ಕೆ ತಾನೇ, ಹೆಚ್ಚುಕಡಿಮೆ ಒಂದು ಗೇಣು ಉದ್ದದ ರೇಡಿಯೊ ಅಲೆಯನ್ನು ಹೊರಡಿಸುತ್ತದೆ. ಅದಕ್ಕೆ ಬಿಸಿಲೂ ಅಡ್ಡಿಯಿಲ್ಲ, ಮಳೆಯೂ ಅಡ್ಡಿಯಿಲ್ಲ. ಅನಿಲ ನಮ್ಮಿಂದ ದೂರ ಸರಿಯುತ್ತಿದ್ದರೆ ಅಲೆ ಸ್ವಲ್ಪ ಉದ್ದವಾಗುತ್ತದೆ, ಹತ್ತಿರ ಬರುತ್ತಿದ್ದರೆ ಗಿಡ್ಡವಾಗುತ್ತದೆ. ಕಾಗದದ ಮೇಲೆ ಇದೆಲ್ಲ ಒಂದು ಸಪಾಟು ಗೆರೆ, ನಡುವೆ ಒಂದು ಸಣ್ಣ ಉಬ್ಬು. ಉಬ್ಬು ಎಲ್ಲಿದೆ ಎಂದು ನೋಡಿ ಅನಿಲದ ವೇಗ ಹೇಳಬಹುದು, ಎಷ್ಟು ದೊಡ್ಡದಿದೆ ಎಂದು ನೋಡಿ ಅನಿಲ ಎಷ್ಟಿದೆ ಎಂದು ಹೇಳಬಹುದು. ನಮ್ಮ ವಿದ್ಯೆಯೆಲ್ಲ ಇಷ್ಟೇ.

ಸೇರಿದ ಎರಡನೆಯ ವರ್ಷ ಗೆರೆಯ ತುಂಬ ಮುಳ್ಳು ಮುಳ್ಳಾಗಿ ಏನೋ ಏಳತೊಡಗಿತು. ಹಗಲೂ ಅದೇ, ಸಂಜೆಯೂ ಅದೇ. ನಮ್ಮ ಮುಖ್ಯಸ್ಥರು ಇನಾಮದಾರ ಸಾಹೇಬರು ಇದು ಯಾವುದೋ ಹೊಸ ತಾರೆಯ ಮಿಡಿತ ಇರಬಹುದೆಂದು ಎರಡು ದಿನ ಸಡಗರಪಟ್ಟರು. ನಾನು ಕೈಯಲ್ಲಿ ಹಿಡಿಯುವ ಸಣ್ಣ ಆಂಟೆನಾ ತೆಗೆದುಕೊಂಡು ಡಿಶ್ಶಿನ ಸುತ್ತಲಿನ ಗದ್ದೆ ಬದುಗಳಲ್ಲಿ ನಡೆಯತೊಡಗಿದೆ. ಸದ್ದು ಜೋರಾದ ಕಡೆಗೆ ಹೋಗುತ್ತ ಹೋಗುತ್ತ ಒಬ್ಬ ರೈತರ ಹೊಲಕ್ಕೆ ಬಂದು ನಿಂತೆ. ಕಾಡುಹಂದಿ ಬರಬಾರದೆಂದು ಅವರು ಸುತ್ತಲೂ ಝಟಕಾ ತಂತಿ ಕಟ್ಟಿದ್ದರು. ಕ್ಷಣಕ್ಕೊಮ್ಮೆ ಕರೆಂಟು ಹರಿದಾಗಲೆಲ್ಲ ನಮ್ಮ ಗೆರೆಯಲ್ಲಿ ಒಂದು ಮುಳ್ಳು.

‘ಈ ತಂತಿ ಒಂದ್ ಎಂಟ ದಿನ ಬಂದ್ ಇಡ್ತೀರೇನ್ರಿ?’ ಎಂದು ಕೇಳಿದೆ.

‘ಇಡ್ತೀನ್ರಿ ಸಾಹೇಬ್ರ. ಮೊದ್ಲ ಹಂದಿಗೋಳಿಗೆ ಹೇಳಿ ಬರ್ರಿ. ಅವು ಹೂಂ ಅಂದ್ರ ನಂದೇನೂ ತಕರಾರಿಲ್ಲ.’

ಹತ್ತಿರ ಹೋಗಿ ನೋಡಿದರೆ ಬೆಳೆದ ಹುಲ್ಲು ತಂತಿಗೆ ತಾಗಿ, ತಾಗಿದಲ್ಲೆಲ್ಲ ಸಣ್ಣ ಕಿಡಿ ಹಾರುತ್ತಿತ್ತು. ಗದ್ದಲ ಆ ಕಿಡಿಯದು. ಅವರದೇ ಕುಡಗೋಲು ಇಸಿದುಕೊಂಡು ಮಧ್ಯಾಹ್ನದವರೆಗೆ ಹುಲ್ಲು ಕೊಯ್ದೆ. ಕೈತುಂಬ ಬೊಕ್ಕೆ ಬಂದವು. ಮರುದಿನ ಗೆರೆ ಸಪಾಟಾಗಿತ್ತು. ತಂತಿಯ ಕರೆಂಟು ಪೋಲಾಗುವುದು ತಪ್ಪಿತೆಂದು ರೈತರು ಒಂದು ಚೀಲ ಗೆಣಸು ಕಳಿಸಿಕೊಟ್ಟರು. ಆಮೇಲೆ ನನಗೆ ಒಂದು ರೂಢಿ ಬಿದ್ದಿತು. ಗೆರೆಯಲ್ಲಿ ವಿಚಿತ್ರ ಕಂಡರೆ ಮೊದಲು ಊರಿನಲ್ಲಿ ಹುಡುಕುವುದು, ಆಕಾಶವನ್ನು ಆಮೇಲೆ ನೋಡುವುದು. ಆ ರೂಢಿ ನನಗೆ ಒಳ್ಳೆಯ ಹೆಸರು ತಂದಿತು. ಮುಂದೆ ನನ್ನನ್ನು ಕೆಡಿಸಿದ್ದೂ ಅದೇ.

ಆ ಹೆಸರಿನಿಂದಾಗಿಯೇ ಕೇಂದ್ರದಲ್ಲಿ ಒಂದು ಪದ್ಧತಿ ಬಂತು. ಯಾರು ಏನೇ ಹೊಸ ಉಬ್ಬು ಕಂಡರೂ ಒಂದು ಕಾಗದ ನನ್ನ ಮೇಜಿಗೆ ಬರುತ್ತಿತ್ತು. ಅದರ ಕೆಳಗೆ ನಾನು ‘ಆಕಾಶ’ ಎಂದೋ ‘ನೆಲ’ ಎಂದೋ ಬರೆದು ಸಹಿ ಮಾಡಬೇಕು. ‘ಆಕಾಶ’ ಎಂದರೆ ಪ್ರಬಂಧ ಬರೆಯಬಹುದು. ‘ನೆಲ’ ಎಂದರೆ ಆ ವಿಷಯ ಅಲ್ಲಿಗೆ ಮುಗಿಯಿತು. ದೊಡ್ಡ ದೊಡ್ಡ ಪದವಿಯವರು ನನ್ನ ಮೇಜಿನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಸುಳ್ಳೇಕೆ ಹೇಳಲಿ, ನನಗೆ ಹಿತವಾಗುತ್ತಿತ್ತು.

ಮೊದಲು ಎಲ್ಲ ಕಾಗದದ ಸುರುಳಿಯ ಮೇಲೆ ಬರುತ್ತಿತ್ತು. ಪೆನ್ನಿನ ಸೂಜಿ ಗೆರೆ ಎಳೆಯುತ್ತಿತ್ತು, ಕಸವನ್ನು ನಾವು ಕೆಂಪು ಪೆನ್ಸಿಲ್ಲಿನಿಂದ ಹೊಡೆದುಹಾಕುತ್ತಿದ್ದೆವು. ಹೊಡೆದು ಹಾಕಿದ್ದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಆಮೇಲೆ ಕಂಪ್ಯೂಟರು ಬಂತು. ನಾನು ಒಂದು ಯಾದಿ ಮಾಡಿದೆ. ಗೆರೆಯ ಯಾವ ಯಾವ ತುಂಡಿನಲ್ಲಿ ನೆಲದ ಗದ್ದಲ ಇದೆಯೋ ಅದನ್ನು ಸಾಲಾಗಿ ಬರೆದಿಟ್ಟರೆ, ಕಂಪ್ಯೂಟರು ದಿನವೂ ಆ ತುಂಡುಗಳನ್ನು ತಾನೇ ಅಳಿಸುತ್ತಿತ್ತು. ಕಚೇರಿಯಲ್ಲಿ ಅದಕ್ಕೆ ಕಸದ ಯಾದಿ ಎಂದೇ ಹೆಸರಾಯಿತು. ಹೊಸ ಗದ್ದಲ ಸಿಕ್ಕಾಗ ಒಂದು ಸಾಲು ಸೇರುತ್ತಿತ್ತು. ಸಾಲು ತೆಗೆದದ್ದು ಮಾತ್ರ ನನಗೆ ನೆನಪಿಲ್ಲ.

ಅಳಿಸಿದ ಕಡೆ ಗೆರೆ ತುಂಡಾಗಿ ಕಾಣುತ್ತಿತ್ತು. ಇನಾಮದಾರ ಸಾಹೇಬರಿಗೆ ಅದು ಸೇರುತ್ತಿರಲಿಲ್ಲ. ಅಕ್ಷರ ದುಂಡಗಿರಬೇಕು, ಮೇಜಿನ ಮೇಲೆ ಧೂಳಿರಬಾರದು ಎನ್ನುವ ಮನುಷ್ಯ ಅವರು.

‘ಏನ್ರೀ ಇದು, ಹಲ್ಲ ಬಿದ್ದ ಬಾಯಿ ಇದ್ದಂಗ ಐತಲ್ಲ! ಹೊರಗಿನ ಮಂದಿಗೆ ಇದನ್ನ ತೋರಸೂದು ಹೆಂಗ? ಆಜೂಬಾಜೂದ ನೋಡಿ ತುಂಬಿಬಿಡ್ರಿ’ ಎಂದರು.

ತುಂಬಿಬಿಟ್ಟೆ. ಅಳಿಸಿದ ತುಂಡಿನಲ್ಲಿ ಅಕ್ಕಪಕ್ಕದ ಗೆರೆಯ ಸರಾಸರಿ ಬರುವಂತೆ ಮಾಡಿದೆ. ಅಂದಿನಿಂದ ಗೆರೆ ಎಷ್ಟು ಚೆಂದ ಕಾಣುತ್ತಿತ್ತೆಂದರೆ, ಎಲ್ಲಿ ಅಳಿಸಿದ್ದೇವೆ ಎಂಬುದು ನೋಡಿದವರಿಗೆ ಗೊತ್ತಾಗುತ್ತಿರಲಿಲ್ಲ. ಕೆಲವು ವರ್ಷಗಳ ಮೇಲೆ ನನಗೂ ಗೊತ್ತಾಗುತ್ತಿರಲಿಲ್ಲ.

ರೇಣುಕಾ ನಮ್ಮಲ್ಲಿಗೆ ಡಾಕ್ಟರೇಟ್ ಮಾಡಲು ಬಂದದ್ದು ಇದಾದ ಎಷ್ಟೋ ಕಾಲಕ್ಕೆ. ನಂದಗಡದ ಹುಡುಗಿ. ತಂದೆ ಕುರಿ ಕಾಯ್ದವರು. ಅಣ್ಣ ನೌಕರಿ ಹಿಡಿದ ಮೇಲೆ ಕುರಿ ಮಾರಿ ಮನೆಯಲ್ಲಿದ್ದರು. ಆ ಮನೆಯಲ್ಲಿ ಕಾಲೇಜು ಮುಗಿಸಿದ ಮೊದಲ ಹೆಣ್ಣುಮಗಳು ಈಕೆ. ಮಾತು ಕಡಿಮೆ. ಏನು ಕೇಳಿದರೂ ಮೊದಲು ಪೆನ್ಸಿಲ್ಲಿನಲ್ಲಿ ಲೆಕ್ಕ ಹಾಕಿ, ಆಮೇಲೆ ಬಾಯಿ ತೆರೆಯುವವಳು. ಸಿಂಹ ರಾಶಿಯ ಕಡೆ ಇರುವ ಒಂದು ಗ್ಯಾಲಕ್ಸಿಗಳ ಗುಂಪಿನ ಸುತ್ತ ಜಲಜನಕ ಎಲ್ಲೆಲ್ಲಿ ಹರಡಿದೆ ಎಂದು ನೋಡುವುದು ಆಕೆಗೆ ಕೊಟ್ಟ ವಿಷಯ. ಎರಡು ವರ್ಷ ಹೊಸದೇನೂ ಸಿಗಲಿಲ್ಲ. ಮೂರನೆಯ ವರ್ಷದ ನವೆಂಬರಿನಲ್ಲಿ ಒಂದು ಬೆಳಗ್ಗೆ ಕಾಗದ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಳು.

‘ಸರ್, ಇಲ್ಲೊಂದು ಉಬ್ಬು ಅದ. ಗುಂಪಿನ ಬಾಜೂಕ. ಆದ್ರ ಅಲ್ಲಿ ಯಾವ ಗ್ಯಾಲಕ್ಸಿನೂ ಇಲ್ರಿ.’

ಆ ಜಾಗದ ಫೋಟೊ ತರಿಸಿ ನೋಡಿದೆವು. ಬೇರೆ ಬೇರೆ ದೂರದರ್ಶಕಗಳಲ್ಲಿ ತೆಗೆದವು. ಅಲ್ಲಿ ಬೆಳಕಿನ ಒಂದು ಚುಕ್ಕೆ ಕೂಡ ಇರಲಿಲ್ಲ. ಉಬ್ಬಿನ ಲೆಕ್ಕ ಹಿಡಿದರೆ ಒಂದು ಸಣ್ಣ ಗ್ಯಾಲಕ್ಸಿಗೆ ಸಾಕಾಗುವಷ್ಟು ಜಲಜನಕ. ನಕ್ಷತ್ರ ಮಾತ್ರ ಒಂದೂ ಇಲ್ಲ. ಹಿಟ್ಟು ನಾದಿಟ್ಟು ಯಾರೂ ರೊಟ್ಟಿ ಬಡಿಯದೆ ಬಿಟ್ಟ ಹಾಗೆ. ಇಂಥ ಮೋಡಗಳು ಬೇರೆ ಕಡೆ ಅಪರೂಪಕ್ಕೆ ಸಿಕ್ಕಿವೆ ಎಂದು ಓದಿದ್ದೆವು. ಗ್ಯಾಲಕ್ಸಿಗಳು ಒಂದರ ಪಕ್ಕ ಒಂದು ಹಾಯ್ದುಹೋಗುವಾಗ ಕಿತ್ತುಬಂದ ಅನಿಲವೋ, ಅಥವಾ ಗ್ಯಾಲಕ್ಸಿ ಆಗಬೇಕಾಗಿ ಆಗದೆ ಉಳಿದದ್ದೋ ಎಂದು ತಿಳಿದವರು ಇನ್ನೂ ಜಗಳಾಡುತ್ತಿದ್ದಾರೆ. ಹಾಗಾಗಿ ಒಂದು ಸಿಕ್ಕರೂ ಅದು ದೊಡ್ಡ ಮಾತು. ರೇಣುಕಾಳ ಇಡೀ ಪ್ರಬಂಧ ಆ ಒಂದು ಉಬ್ಬಿನ ಮೇಲೆ ನಿಂತಿತು. ನಾನು ‘ಆಕಾಶ’ ಎಂದು ಬರೆದರೆ ಆಕೆಗೆ ಡಾಕ್ಟರೇಟ್, ‘ನೆಲ’ ಎಂದು ಬರೆದರೆ ಕೈಯಲ್ಲಿ ಏನೂ ಇಲ್ಲ.

ನನಗೆ ಮೊದಲ ದಿನದಿಂದಲೇ ಅನುಮಾನ. ಆಕಾಶದ್ದೋ ನೆಲದ್ದೋ ಎಂದು ತಿಳಿಯಲು ನಮ್ಮಲ್ಲಿ ಒಂದು ಒಳ್ಳೆಯ ಪರೀಕ್ಷೆಯಿದೆ. ಭೂಮಿ ಸೂರ್ಯನ ಸುತ್ತ ತಿರುಗುತ್ತಿರುತ್ತದಲ್ಲ, ವರ್ಷದಲ್ಲಿ ಕೆಲವು ತಿಂಗಳು ನಾವು ಆ ಮೋಡದ ಕಡೆಗೆ ಹೋಗುತ್ತಿರುತ್ತೇವೆ, ಕೆಲವು ತಿಂಗಳು ಅದರಿಂದ ದೂರ. ಆದ್ದರಿಂದ ಆಕಾಶದ ಉಬ್ಬು ತಿಂಗಳಿಂದ ತಿಂಗಳಿಗೆ ಗೆರೆಯ ಮೇಲೆ ಸ್ವಲ್ಪ ಸ್ವಲ್ಪ ಸರಿಯುತ್ತದೆ. ನೆಲದ ಗದ್ದಲ ನಮ್ಮ ಜೊತೆಗೇ ತಿರುಗುತ್ತಿರುವುದರಿಂದ ಒಂದೇ ಕಡೆ ನಿಂತಿರುತ್ತದೆ. ರೇಣುಕಾಳ ಉಬ್ಬಿನ ಎಡಗಡೆಯ ಅಂಚು ಗೂಟ ಬಡಿದಂತೆ ಒಂದೇ ಜಾಗದಲ್ಲಿ ನಿಂತಿತ್ತು. ಅಷ್ಟೇ ಅಲ್ಲ, ಫೆಬ್ರುವರಿ ಬರುವಷ್ಟರಲ್ಲಿ ಉಬ್ಬು ಪೂರ್ತಿ ಮಾಯವಾಯಿತು. ಮುಂದಿನ ಅಕ್ಟೋಬರಿನ ಕೊನೆಗೆ ಮತ್ತೆ ಬಂತು. ಆಕಾಶದಲ್ಲಿರುವ ಮೋಡ ವರ್ಷಕ್ಕೆ ಮೂರು ತಿಂಗಳು ಬಂದು ಹೋಗುವುದುಂಟೇ? ಸುಗ್ಗಿಗೆ ಬರುವುದು ನೆಲದ್ದೇ ಎಂದುಕೊಂಡೆ.

ಸಣ್ಣ ಆಂಟೆನಾ ಹಿಡಿದು ಹೊರಟೆ. ಡಿಶ್ಶಿನಿಂದ ಸ್ವಲ್ಪ ದೂರದಲ್ಲಿ, ಒಂದು ಗುಡ್ಡದ ಆಚೆ, ಬಸಲಿಂಗಪ್ಪನವರ ಅಕ್ಕಿ ಗಿರಣಿ. ಮೂಲ ಬೈಲಹೊಂಗಲದ ಕಡೆಯವರು, ಇಲ್ಲಿ ಬಂದು ಗಿರಣಿ ಹಾಕಿದ್ದರು. ಬಾಜೂಕೆ ಒಂದಿಷ್ಟು ಹೊಲವನ್ನೂ ಮಾಡಿದ್ದರು. ಭತ್ತದ ಸುಗ್ಗಿ ಶುರುವಾದಾಗ ಗಿರಣಿ ಶುರು, ಜನವರಿ ಮುಗಿಯುವ ಹೊತ್ತಿಗೆ ಬಂದ್. ಹಿಂದಿನ ವರ್ಷದ ಸುಗ್ಗಿಗೆ ಅಕ್ಕಿಯ ಬಣ್ಣ ನೋಡಿ ಕರಿಕಾಳು ಹೊರಗೆ ಹಾಕುವ ಹೊಸ ಯಂತ್ರ ತಂದಿದ್ದರು. ಆಂಟೆನಾ ಹತ್ತಿರ ಹಿಡಿದರೆ ಆ ಯಂತ್ರ ರೇಡಿಯೊ ಗದ್ದಲ ಮಾಡುತ್ತಿದ್ದುದು ಖರೇ. ತಿಂಗಳು ಕೂಡಿತು, ಯಂತ್ರ ಬಂದ ವರ್ಷವೂ ಕೂಡಿತು. ನನಗೆ ಇನ್ನೇನು ಬೇಕಾಗಿತ್ತು?

ಬಸಲಿಂಗಪ್ಪ ನಕ್ಕರು. ‘ನಮ್ಮ ಮಶೀನು ಅಕ್ಕ್ಯಾಗಿನ ಕರಿಕಾಳ ಹೆಕ್ಕತೈತಿ, ನೀವು ಆಕಾಶದಾಗಿಂದು ಹೆಕ್ಕತೀರಿ. ಇಬ್ರದೂ ಒಂದ ಧಂದೆ ಆತಲ್ರಿ! ಬರ್ರಿ, ಕುಂದರ್ರಿ, ಚಹಾ ತಗೋರಿ.’

ನಾನು ತಂದ ಸುದ್ದಿ ಕೇಳಿ ರೇಣುಕಾ ಅಳಲಿಲ್ಲ. ಮರುದಿನ ಲೆಕ್ಕ ಹಾಕಿಕೊಂಡು ಬಂದಳು. ಡಿಶ್ಶನ್ನು ಆ ಜಾಗದಿಂದ ಬೇರೆ ಕಡೆ ತಿರುಗಿಸಿದರೆ ಉಬ್ಬು ಹೋಗುತ್ತದೆ, ಗಿರಣಿಯದ್ದಾದರೆ ಯಾಕೆ ಹೋಗಬೇಕು ಎಂದು ಕೇಳಿದಳು. ಡಿಶ್ಶು ತಿರುಗಿದಾಗ ಗಿರಣಿಗೂ ಬೆನ್ನಾಗುತ್ತದೆ ಎಂದೆ. ಅದಕ್ಕೂ ಆಕೆ ಸುಮ್ಮನಾಗಲಿಲ್ಲ.

‘ಸರ್, ಎಳ್ಳ ಅಮಾಸಿ ದಿನ ಗಿರಣಿ ಬಂದ್ ಇರತೈತ್ರಿ. ಉಬ್ಬು ಇರೂ ತಿಂಗಳದಾಗನ ಬರತೈತಿ. ಅವತ್ತೊಂದ ದಿನ ಡಿಶ್ ನನಗ ಕೊಡ್ರಿ. ಗಿರಣಿ ನಿಂತಾಗ ಉಬ್ಬೂ ಹೋತಂದ್ರ ನಾನ ಕೈಯಾರೆ ನೆಲ ಅಂತ ಬರೀತೀನಿ.’

ಎಳ್ಳ ಅಮಾವಾಸ್ಯೆ ಎಂದರೆ ಹೊಲಕ್ಕೆ ಹೋಗುವ ಹಬ್ಬ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೋಗಿ, ಬೆಳೆಗೆ ಪೂಜೆ ಮಾಡಿ, ನೈವೇದ್ಯದ ಅಡುಗೆಯನ್ನು ಹೊಲದ ತುಂಬ ಚರಗವೆಂದು ಚೆಲ್ಲಿ, ಅಲ್ಲೇ ಕುಳಿತು ಉಣ್ಣುತ್ತಾರೆ. ಬಸಲಿಂಗಪ್ಪನವರಂಥವರು ಅಂದು ಒಂದು ಗಾಲಿಯನ್ನೂ ತಿರುಗಿಸುವುದಿಲ್ಲ. ಆಕೆ ಕೇಳಿದ್ದಕ್ಕಿಂತ ಒಳ್ಳೆಯ ಪರೀಕ್ಷೆ ಇರಲಿಲ್ಲ. ಅದು ನನಗೂ ಗೊತ್ತಿತ್ತು.

‘ಡಿಶ್ ಅವತ್ತ ಖಾಲಿ ಇಲ್ಲ ಯವ್ವಾ’ ಎಂದೆ.

‘ಅರ್ಧಾ ದಿನ ಆದ್ರೂ ಸಾಕ್ರಿ.’

‘ಇಲ್ಲಂದ್ನಲ್ಲ. ಎಷ್ಟ ಸರ್ತಿ ಹೇಳಬೇಕು?’

ಫೆಬ್ರುವರಿ ಬರುವಷ್ಟರಲ್ಲಿ ಗಿರಣಿ ನಿಂತಿತು, ಉಬ್ಬೂ ಹೋಯಿತು. ಕಾಗದದ ಕೆಳಗೆ ‘ನೆಲ’ ಎಂದು ಬರೆದು ಸಹಿ ಮಾಡಿದೆ. ಇನಾಮದಾರ ಸಾಹೇಬರು ಅದನ್ನು ಓದಿ, ‘ನೀವು ಅಂದಿರಂದ್ರ ಮುಗೀತು’ ಎಂದರು. ರೇಣುಕಾ ಇನ್ನೊಂದು ವರ್ಷ ಇದ್ದಳು. ಬೇರೆ ವಿಷಯ ಹಿಡಿಯಲು ಹೊತ್ತು ಮೀರಿತ್ತು. ಐದು ವರ್ಷದ ಅವಧಿ ಮುಗಿದ ದಿನ ಕ್ಯಾಂಪಿನ ಕಚೇರಿಗೆ ಬಂದು ಗ್ರಂಥಾಲಯದ ಪುಸ್ತಕಗಳನ್ನು ಮರಳಿಸಿ, ಎಲ್ಲರಿಗೂ ಹೇಳಿ ಹೋದಳು. ನನ್ನ ಮೇಜಿಗೂ ಬಂದಳು. ‘ಬರ್ತೀನ್ರಿ ಸರ್’ ಎಂದಳು. ‘ಹೂಂ, ಬಾ’ ಎಂದೆ. ಖಾನಾಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆಂದು ಆಮೇಲೆ ಯಾರೋ ಹೇಳಿದರು. ಒಳ್ಳೆಯದಾಯಿತು, ದಾರಿಗೆ ಹತ್ತಿದಳು ಎಂದುಕೊಂಡೆ.

ಏಳು ವರ್ಷ ಕಳೆಯಿತು. ನನ್ನ ನಿವೃತ್ತಿಯ ತಿಂಗಳು ಬಂತು. ಚಾರ್ಜು ಕೊಡುವಾಗ ಕಸದ ಯಾದಿಯ ಪ್ರತಿಯೊಂದು ಸಾಲಿನ ಮುಂದೆ ಕಾರಣ ಬರೆದು ಕೊಡಬೇಕೆಂದು ಹೊಸ ಮುಖ್ಯಸ್ಥರು ಹೇಳಿದರು. ನನಗೆ ರೇಗಿತು. ಇಷ್ಟು ವರ್ಷ ನಡೆದದ್ದಕ್ಕೆ ಈಗೇನು ಕಾರಣ ಎಂದು ಗೊಣಗುತ್ತ ಕುಳಿತೆ. ಹದಿನಾರು ಸಾಲು ಸರಾಗವಾಗಿ ಹೋಯಿತು. ಹದಿನೇಳನೆಯದಕ್ಕೆ ಪೆನ್ನು ನಿಂತಿತು. ಅದು ಯಾವ ಗದ್ದಲ ಎಂದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ.

ಹಳೆಯ ದಿನಚರಿ ಪುಸ್ತಕಗಳನ್ನು ಇಳಿಸಿ ಎರಡು ದಿನ ಹುಡುಕಿದೆ. ಸಿಕ್ಕಿತು, ನನ್ನದೇ ಅಕ್ಷರದಲ್ಲಿ. ಡಿಶ್ಶಿಗೆ ನಾವು ಹಾಕಿದ್ದ ಮೊದಲನೆಯ ರಿಸೀವರ್ ಒಳಗಿಂದಲೇ ಒಂದು ಕಡೆ ಗುಂಯ್ ಎನ್ನುತ್ತಿತ್ತು. ಆ ತುಂಡನ್ನು ಅಳಿಸಲು ಹದಿನೇಳನೆಯ ಸಾಲು. ಆ ರಿಸೀವರನ್ನು ತೆಗೆದು ಹೊಸದು ಹಾಕಿದ್ದು ರೇಣುಕಾ ಬರುವುದಕ್ಕಿಂತ ಮೊದಲು. ಗುಂಯ್ ಎನ್ನುವುದು ಹೋಗಿತ್ತು, ಸಾಲು ಉಳಿದಿತ್ತು. ಇಲ್ಲದ ಕಸವನ್ನು ಕಂಪ್ಯೂಟರು ದಿನವೂ ತೆಗೆಯುತ್ತಲೇ ಇತ್ತು. ತೆಗೆದ ಜಾಗವನ್ನು ಚೆಂದವಾಗಿ ತುಂಬುತ್ತಲೂ ಇತ್ತು.

ಅದು ಗೆರೆಯ ಯಾವ ಭಾಗ ಎಂದು ನೋಡಿದೆ. ರೇಣುಕಾಳ ಉಬ್ಬಿನ ಎಡ ಅಂಚು ಇದ್ದ ಜಾಗ.

ಪುಣ್ಯಕ್ಕೆ, ಅಳಿಸುವ ಮೊದಲಿನ ಕಚ್ಚಾ ಡೇಟಾ ಎಲ್ಲ ಉಳಿದಿತ್ತು. ಹದಿನೇಳನೆಯ ಸಾಲನ್ನು ತೆಗೆದು ಆ ವರ್ಷಗಳದ್ದನ್ನು ಮತ್ತೆ ಓಡಿಸಿದೆ. ಉಬ್ಬು ಹನ್ನೆರಡೂ ತಿಂಗಳು ಇತ್ತು. ಗಿರಣಿ ಓಡಿದಾಗಲೂ ಇತ್ತು, ನಿಂತಾಗಲೂ ಇತ್ತು. ಭೂಮಿ ತಿರುಗಿದಂತೆ ನಿಧಾನವಾಗಿ ಒಂದು ಕಡೆ ಸರಿದು, ಮತ್ತೆ ಹಿಂದೆ ಬರುತ್ತಿತ್ತು. ವರ್ಷದ ಬಹುಪಾಲು ಅದು ನಾನು ಅಳಿಸುತ್ತಿದ್ದ ತುಂಡಿನೊಳಗೆ ಇರುತ್ತಿತ್ತು. ಚಳಿಗಾಲದ ಮೂರು ತಿಂಗಳು ಮಾತ್ರ ಅರ್ಧ ಹೊರಗೆ ಬರುತ್ತಿತ್ತು. ಗೂಟ ಬಡಿದಂತೆ ನಿಂತ ಅಂಚು ಮೋಡದ್ದಲ್ಲ, ನಾನು ಕತ್ತರಿಸಿದ್ದು. ಗಿರಣಿಯ ಗದ್ದಲ ಗುಡ್ಡದ ಈಚೆಗೆ ಬಂದೇ ಇರಲಿಲ್ಲ.

ಹೊಸ ಮುಖ್ಯಸ್ಥರಿಗೆ ಎಲ್ಲ ತೋರಿಸಿದೆ. ಅವರು ಬಯ್ಯಲಿಲ್ಲ. ಬಯ್ದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ. ರೇಣುಕಾಳ ನೋಂದಣಿಯನ್ನು ಮತ್ತೆ ತೆರೆಯಬಹುದು, ಪ್ರಬಂಧ ಆಕೆಯ ಹೆಸರಿನಲ್ಲೇ ಬರಬೇಕು ಎಂದು ಪತ್ರ ಬರೆದುಕೊಟ್ಟರು. ಆ ಪತ್ರವನ್ನು ಚೀಲದಲ್ಲಿಟ್ಟುಕೊಂಡು ನಾನು ಎರಡು ತಿಂಗಳು ಮನೆಯಲ್ಲೇ ಕುಳಿತೆ. ಒಂದು ದಿನ ಮಂಡಿನೋವು, ಒಂದು ದಿನ ಮಳೆ, ಇನ್ನೊಂದು ದಿನ ಶಾಲೆಗೆ ರಜೆ ಇರಬಹುದು ಎಂಬ ನೆವ. ಹೆದರಿಕೆ ಎಂದು ಒಪ್ಪಿಕೊಳ್ಳಲು ಅಷ್ಟು ದಿನ ಹಿಡಿಯಿತು. ಕೊನೆಗೆ ಹೆಂಡತಿಯೇ ಚೀಲ ತಂದು ಬಾಗಿಲ ಹತ್ತಿರ ಇಟ್ಟು, ‘ಬಸ್ಸು ಹತ್ತೂವರಿಗೆ ಐತಿ’ ಎಂದಳು.

ಖಾನಾಪುರದ ಆ ಹೈಸ್ಕೂಲಿನಲ್ಲಿ ಮಧ್ಯಾಹ್ನದ ಬಿಡುವು. ರೇಣುಕಾ ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತು, ‘ಅಯ್ಯ ಸರ್, ಬರ್ರಿ, ಕುಂದರ್ರಿ, ಊಟ ಆತೇನ್ರಿ?’ ಎಂದಳು. ಅದೇ ಮರ್ಯಾದೆ. ಅದು ನನಗೆ ಇನ್ನಷ್ಟು ಕಷ್ಟವಾಯಿತು. ಕ್ಷಮೆ ಕೇಳಲು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ. ‘ನಿನ್ನ ಉಬ್ಬು ಆಕಾಶದ್ದ ಇತ್ತು. ತಪ್ಪು ನಂದು’ ಎಂದು ಹೇಳಿ ಕಾಗದಗಳನ್ನು ಮುಂದಿಟ್ಟೆ.

ಹನ್ನೆರಡು ತಿಂಗಳ ಹನ್ನೆರಡು ಹಾಳೆ. ಆಕೆ ಒಂದೊಂದನ್ನೇ ನೋಡಿದಳು. ಕೆಂಪು ಪೆನ್ನು ಕೆಳಗಿಟ್ಟು ಪೆನ್ಸಿಲ್ ತೆಗೆದು, ಹಾಳೆಯ ಅಂಚಿನಲ್ಲಿ ಉಬ್ಬು ಎಷ್ಟು ಸರಿದಿದೆ ಎಂದು ಗುರುತು ಮಾಡುತ್ತ ಹೋದಳು. ಗಂಟೆ ಬಾರಿಸಿತು. ಏಳಲಿಲ್ಲ. ಹದಿನೇಳನೆಯ ಸಾಲಿನ ಕತೆ ಹೇಳಿದೆ. ತಲೆ ಎತ್ತದೆ ಕೇಳಿಸಿಕೊಂಡಳು. ಮುಖ್ಯಸ್ಥರ ಪತ್ರ ಕೊಟ್ಟರೆ ಅದನ್ನು ಬಿಚ್ಚದೆ ಪಕ್ಕಕ್ಕಿಟ್ಟಳು.

‘ಒಂದ ಮಾತ ಕೇಳ್ಲೇನ್ರಿ ಸರ್?’

‘ಕೇಳವ್ವಾ.’

‘ಎಳ್ಳ ಅಮಾಸಿ ದಿನ ಡಿಶ್ ಯಾರಿಗೆ ಕೊಟ್ಟಿದ್ರಿ?’

ಸುಳ್ಳು ಹೇಳಬಹುದಿತ್ತು. ಹಳೆಯ ದಿನಚರಿ ಆಕೆಯ ಕೈಗೆ ಸಿಗುವಂತಿರಲಿಲ್ಲ. ಆದರೆ ಅಷ್ಟು ದೂರ ಬಂದದ್ದು ಅದಕ್ಕಲ್ಲ.

‘ಯಾರಿಗೂ ಇಲ್ಲ’ ಎಂದೆ. ‘ರಜಾ ಐತಂತ ಡಿಶ್ಶಿನ ಕಂಬಿಗೆ ಬಣ್ಣ ಹಚ್ಚಸಿದೆ. ಬಣ್ಣ ಇನ್ನೊಂದ ದಿನ ಹಚ್ಚಬಹುದಿತ್ತು. ನಾನೂ ಅಲ್ಲಿ ಇರಲಿಲ್ಲ. ಬಸಲಿಂಗಪ್ಪನವರು ಕರದಿದ್ರು, ಅವರ ಹೊಲದಾಗ ಸಜ್ಜಿ ರೊಟ್ಟಿ, ಎಣಗಾಯಿ ಉಂಡು ಬಂದೆ. ಗಿರಣಿ ಬಂದ್ ಇತ್ತು. ಅದನ್ನ ಕಣ್ಣಾರೆ ನೋಡ್ಕೋತನ ಉಂಡೆ.’

‘ಹಂಗಾರ ಯಾಕ ಕೊಡಲಿಲ್ರಿ?’

‘ನಾ ತಪ್ಪ ಅಂತ ಆಗಿಬಿಟ್ರ ಅಂತ ಅಂಜಿಕಿ ಇತ್ತು’ ಎಂದೆ. ಈ ಮಾತನ್ನು ನಾನು ಅಲ್ಲಿಯವರೆಗೆ ನನಗೆ ನಾನೇ ಹೇಳಿಕೊಂಡಿರಲಿಲ್ಲ.

ರೇಣುಕಾ ಕಿಟಕಿಯ ಕಡೆ ತಿರುಗಿದಳು. ಕಣ್ಣು ತುಂಬಿದ್ದವು, ಒರೆಸಿಕೊಳ್ಳಲಿಲ್ಲ. ‘ನಮ್ಮಪ್ಪ ಇನ್ನೂ ಮಂದಿ ಮುಂದ ಹೇಳ್ತಾರ್ರಿ, ನನ್ನ ಮಗಳಿಗೆ ಅದು ತಿಳೀಲಿಲ್ಲ, ಬಿಟ್ಟು ಬಂದ್ಲು ಅಂತ. ನಾನೂ ಹಂಗ ಅಂದ್ಕೊಂಡಿದ್ದೆ’ ಎಂದಳು. ನಾಚಿಕೆ ಎಂದರೆ ಏನು ಎಂಬುದು ಅರವತ್ತು ದಾಟಿದ ಮೇಲೆ ನನಗೆ ಗೊತ್ತಾಯಿತು. ಆಮೇಲೆ ಆಕೆ ನನ್ನ ಹನ್ನೆರಡು ಹಾಳೆಗಳನ್ನು ಸರಿಯಾಗಿ ಜೋಡಿಸಿ ನನಗೇ ಹಿಂದಿರುಗಿಸಿದಳು.

‘ಇವು ಬ್ಯಾಡ್ರಿ ಸರ್. ನೀವು ಸಾಫ್ ಮಾಡಿದ್ದು ಬ್ಯಾಡ. ಮಾಡಲಾರದ್ದು ತರ್ರಿ, ಎಲ್ಲಾ. ನಾನ ಮೊದಲಿಂದ ನೋಡತೀನಿ.’

ಮುಖ್ಯಸ್ಥರ ಒಪ್ಪಿಗೆ ಪಡೆದು, ಕಚ್ಚಾ ಡೇಟಾದ ಪೆಟ್ಟಿಗೆಯನ್ನು ಮರುವಾರ ನಾನೇ ಒಯ್ದು ಕೊಟ್ಟೆ. ಅದರ ಜೊತೆಗೆ ಕಸದ ಯಾದಿಯನ್ನೂ, ಪ್ರತಿ ಸಾಲಿನ ಮುಂದೆ ಕಾರಣ ಬರೆದು. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂದು ಹೇಳಲಿಲ್ಲ. ಹಿಂತಿರುಗುವಾಗ ನಂದಗಡಕ್ಕೆ ಹೋಗಿ ಆಕೆಯ ತಂದೆಯ ಮುಂದೆ ಕುಳಿತು, ತಿಳಿಯದೆ ಹೋದದ್ದು ಯಾರಿಗೆ ಎಂದು ಹೇಳಿ ಬಂದೆ. ಅವರು ಸಿಟ್ಟಾಗಲಿಲ್ಲ. ನಾನು ಎದ್ದಾಗ ಬಾಗಿಲವರೆಗೂ ಬರಲಿಲ್ಲ. ಅದು ಸರಿಯಾಗಿಯೇ ಇತ್ತು.

ನಾಲ್ಕು ತಿಂಗಳ ಮೇಲೆ ಒಂದು ಭಾನುವಾರ ಬೆಳಗ್ಗೆ ರೇಣುಕಾಳ ಫೋನು ಬಂತು. ಎಂದಿನಂತೆ ಪೀಠಿಕೆ ಇಲ್ಲ.

‘ಸರ್, ಮೋಡ ಒಂದಲ್ರಿ. ಬಾಜೂಕ ಇನ್ನೊಂದು ಅದ ಅನಸ್ತೈತಿ. ಬಾಳ ಸಣ್ಣದು. ಅದರಾಗೂ ನಕ್ಷತ್ರ ಇಲ್ಲ. ನೀವು ತಂದ ಹಾಳ್ಯಾಗ ಅದು ಅಳಿಸಿ ಹೋಗಿತ್ರಿ. ಖಾತ್ರಿ ಮಾಡ್ಕೋಬೇಕಂದ್ರ ಡಿಶ್ ಬೇಕು. ಅರ್ಜಿ ಬರಿಯಾಕತ್ತೇನಿ.’

ಗಿರಣಿ, ತಂತಿ, ಟವರು ಏನನ್ನೂ ನಾನು ಕೇಳಲಿಲ್ಲ. ‘ಎಷ್ಟ ದಿನ ಬೇಕವ್ವಾ? ನಾನೂ ಮುಖ್ಯಸ್ಥರಿಗೆ ಒಂದ ಮಾತ ಹೇಳ್ತೀನಿ’ ಎಂದೆ.

‘ಒಂದ ದಿನಕ್ಕ ಆಗೂದಿಲ್ರಿ ಸರ್ ಈ ಸಲ’ ಎಂದಳು. ‘ಪೂರಾ ವರ್ಷ ಬೇಕು.’